ಕಾರಿನ ಕೆಳಗೆ ಬಗ್ಗಿ ನೋಡಿದ್ದೀರಾ?

ಸೋದರಿಯರೇ, ತಲೆಬರಹ ನೋಡಿ ಹುಬ್ಬೇರಿಸಬೇಡಿ. ಉಪ್ಪಿನಕಾಯಿ, ಸಂಡಿಗೆಯ ಪುಟಗಳ ನಡುವೆ ಕಾರಿನ ಅಡಿಭಾಗದ ಮಾತೇಕೆ, ಅದೆಲ್ಲ ಯಜಮಾನರ ಪಾಲಿನ ಕೆಲಸವಲ್ಲವೇ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ, 2023ರ ಮಳೆಗಾಲದವರೆಗೆ.

ನನ್ನ ತವರು ಘಟ್ಟದ ಮೇಲೆ, ಹೊಸನಗರದ ಕಡೆ. ಸೇರಿದ ಮನೆ ಕುಂದಾಪುರದ ಹತ್ತಿರ, ಸಮುದ್ರದ ಸದ್ದು ಕೇಳುವಷ್ಟು ದೂರದಲ್ಲಿ. ನಮ್ಮದು 2007ರ ಸಣ್ಣ ಕಾರು. ಮೇಲಿಂದ ನೋಡಿದರೆ ಇನ್ನೂ ಫಳಫಳ; ನಮ್ಮನೆಯವರು ವಾರಕ್ಕೊಮ್ಮೆ ಅದಕ್ಕೆ ಮದುಮಗನಿಗೆ ಮಾಡುವಷ್ಟು ಉಪಚಾರ ಮಾಡುತ್ತಾರೆ. ಆ ವರ್ಷ ಶ್ರಾವಣದಲ್ಲಿ ತವರಿಗೆ ಹೊರಟಾಗ ಹಿಂದಿನ ಸೀಟಿನಲ್ಲಿ ಕೂತ ಅತ್ತೆಯವರು "ಹೆಣೆ, ಕಾಲಡಿ ಚಂಡಿ ಆತಿತ್ತ್" ಅಂದರು. ಚಂಡಿ ಅಂದರೆ ನಮ್ಮ ಕಡೆ ಒದ್ದೆ. ಕೊಡೆಯಿಂದ ಇಳಿದ ನೀರು ಇರಬೇಕು ಅಂತ ಯಾರೂ ಲಕ್ಷ್ಯ ಕೊಡಲಿಲ್ಲ. ಬಾಳೆಬರೆ ಘಾಟಿ ಹತ್ತಿ ಇಳಿದು ಮನೆಗೆ ಬಂದ ಮೇಲೆ ಮತ್ತೆ ಅದೇ ಮಾತು. ಮಾರನೆಯ ದಿನ ನಾನೇ ಕಾಲಡಿಯ ಮ್ಯಾಟ್ ಎತ್ತಿ, ಅದರಡಿಯ ಕಾರ್ಪೆಟ್ ಸರಿಸಿ ನೋಡಿದೆ. ತಗಡು ಹಪ್ಪಳದ ಹಾಗೆ ಪದರ ಪದರ ಎದ್ದಿತ್ತು. ಬೆರಳಲ್ಲಿ ಒತ್ತಿದರೆ ಪುಡಿಯಾಗಿ, ಕೆಳಗಿನ ಅಂಗಳದ ಹುಲ್ಲು ಕಾಣಿಸಿತು!

ಟಿಂಕರಿಂಗ್‌ನವರು ಕಾರನ್ನು ಮೇಲೆತ್ತಿ ನೋಡಿ ಹೇಳಿದ್ದು ಇನ್ನೂ ಭಯದ ಮಾತು. ಹಿಂದಿನ ಚಕ್ರಕ್ಕೆ ಹೋಗುವ ಬ್ರೇಕ್ ಪೈಪೂ ತುಕ್ಕು ತಿಂದು ತೆಳ್ಳಗಾಗಿತ್ತು. "ಘಾಟಿ ಇಳಿಯುವಾಗ ಬ್ರೇಕನ್ನು ಜೋರಾಗಿ ಒತ್ತಿದ್ದರೆ ಒಡೆದೇ ಹೋಗ್ತಿತ್ತು ಅಕ್ಕಾ" ಅಂದರು. ಮೊದಲ ದಿನವೇ ಅತ್ತೆಯವರ ಮಾತು ಕೇಳಿದ್ದರೆ ಆ ಇಳಿಜಾರಿನಲ್ಲಿ ನಾವು ಆ ಕಾರಿನಲ್ಲಿ ಇರುತ್ತಲೇ ಇರಲಿಲ್ಲ.

ಇಷ್ಟಕ್ಕೂ ನಾವು ಏನೂ ಮಾಡದೆ ಕೂತವರಲ್ಲ. ಎರಡು ವರ್ಷದ ಹಿಂದೆ, 2021ರಲ್ಲಿ, ಒಂದು ಕಡೆ ದುಡ್ಡು ಕೊಟ್ಟು ಕಾರಿನ ಅಡಿಗೆ ಡಾಮರಿನಂಥ ಕರಿ ಲೇಪ ಹೊಡೆಸಿದ್ದೆವು. ಅನರ್ಥ ಆದದ್ದು ಅಲ್ಲೇ. ಅವರು ಇದ್ದ ತುಕ್ಕನ್ನು ಕೆರೆಯದೆ, ಮಣ್ಣನ್ನೂ ಸರಿಯಾಗಿ ತೊಳೆಯದೆ, ಮೇಲಿಂದ ಬಳಿದುಬಿಟ್ಟಿದ್ದರು. ಕರಿ ಲೇಪದ ಒಳಗೆ ಪಸೆ ಸಿಕ್ಕಿಕೊಂಡು, ಹೊರಗೆ ಅಂದವಾಗಿ ಕಾಣುತ್ತಲೇ ಒಳಗೊಳಗೇ ತಗಡು ತಿಂದುಹೋಯಿತು. ತುಕ್ಕಿನ ಮೇಲೆ ಬಳಿಯುವ ಬದಲು ಹಾಗೇ ಬಿಟ್ಟಿದ್ದರೆ ಕಣ್ಣಿಗಾದರೂ ಬೀಳುತ್ತಿತ್ತು.

ಕಬ್ಬಿಣಕ್ಕೆ ನೀರು, ಗಾಳಿ ಎರಡೂ ಸೇರಿದರೆ ತುಕ್ಕು. ಉಪ್ಪು ಸೇರಿದರೆ ಅದರ ಹತ್ತಿರ ಪಸೆ ಆರುವುದೇ ಇಲ್ಲ, ತುಕ್ಕು ಬೇಗ ಬೇಗ ಹಬ್ಬುತ್ತದೆ. ನಮ್ಮ ಕರಾವಳಿಯಲ್ಲಂತೂ ಗಾಳಿಯಲ್ಲೇ ಉಪ್ಪು. ಅದು ಸಾಲದು ಎಂಬಂತೆ ಮೀನಿನ ಲಾರಿಗಳಿಂದ ಉಪ್ಪುನೀರು ದಾರಿಯುದ್ದಕ್ಕೂ ತೊಟ್ಟಿಕ್ಕುತ್ತದೆ. ಅಲ್ಯೂಮಿನಿಯಂ ಪಾತ್ರೆಯ ಮೇಲೆ ಹುಟ್ಟುವ ಪದರ ಪಾತ್ರೆಗೇ ಕವಚವಾಗುತ್ತದೆ. ತುಕ್ಕು ಹಾಗಲ್ಲ, ಉಬ್ಬಿ ಉದುರಿ ಒಳಗಿನ ಹೊಸ ಕಬ್ಬಿಣವನ್ನು ಬಯಲು ಮಾಡುತ್ತದೆ. ಹಾಗಾಗಿ ನಿಲ್ಲುವುದಿಲ್ಲ.

ಈ ಕೆಲಸಕ್ಕೆ ಏಪ್ರಿಲ್, ಮೇ ತಿಂಗಳ ಬಿಸಿಲೇ ಸರಿ. ಹಪ್ಪಳ ಒಣಗಿಸುವ ದಿನಗಳು ಅಂತ ನೆನಪಿಟ್ಟುಕೊಳ್ಳಿ. ಮೊದಲು ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಪಟ್ಟಿ, ಮೂಲೆಮುಡುಕುಗಳಲ್ಲಿ ಮೆತ್ತಿದ ಮಣ್ಣನ್ನು ಸಿಹಿನೀರಿನಿಂದ ಜೋರಾಗಿ ತೊಳೆಸಬೇಕು. ಎರಡು ದಿನ ಬಿಸಿಲಲ್ಲಿ ಒಣಗಲಿ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಅಲ್ಲಲ್ಲಿ ತಟ್ಟಿ ನೋಡುವುದು. ತೆಂಗಿನಕಾಯಿ ಆರಿಸುವಾಗ ತಟ್ಟುತ್ತೇವಲ್ಲ, ಹಾಗೆ. ಠಣ್ ಅಂದರೆ ತಗಡು ಗಟ್ಟಿ. ದಬ್ ಅಂದರೆ, ಪುಡಿ ಉದುರಿದರೆ, ಒಳಗೆ ಟೊಳ್ಳು. ಟೊಳ್ಳಾದ ಜಾಗಕ್ಕೆ ಯಾವ ಬಣ್ಣವೂ ಮದ್ದಲ್ಲ. ಆ ಭಾಗ ಕತ್ತರಿಸಿ ಹೊಸ ತಗಡು ವೆಲ್ಡಿಂಗ್ ಮಾಡಿಸಲೇಬೇಕು. ಬ್ರೇಕಿನ, ಪೆಟ್ರೋಲಿನ ಪೈಪುಗಳಲ್ಲಿ ತುಕ್ಕು ತಿಂದ ಗುಳಿ ಬಿದ್ದಿದ್ದರೆ ಕೆರೆದು ಬಳಿಯುವ ಗೋಜಿಗೆ ಹೋಗದೆ ಹೊಸದು ಹಾಕಿಸಿ. ಅಲ್ಲಿ ಉಳಿತಾಯ ಬೇಡವೇ ಬೇಡ.

ಇನ್ನೊಂದು ಮಾತು. ಬರೀ ಜಾಕ್ ಕೊಟ್ಟು ಎತ್ತಿದ ಕಾರಿನ ಕೆಳಗೆ ಮಗನಾಗಲಿ ಯಜಮಾನರಾಗಲಿ ನುಸಿಯಲು ಹೊರಟರೆ ಜಗಳವಾಡಿಯಾದರೂ ತಡೆಯಿರಿ. ಜಾಕ್ ಜಾರಿತೆಂದರೆ ಮುಗಿಯಿತು. ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು, ಇಲ್ಲವೇ ಗುಂಡಿ ಇರುವ ಗ್ಯಾರೇಜಿನಲ್ಲೇ ಮಾಡಿಸಬೇಕು.

ತಗಡು ಗಟ್ಟಿಯಿದ್ದು ಮೇಲೆ ಮಾತ್ರ ತುಕ್ಕಿದ್ದರೆ ತಂತಿಬ್ರಷ್, ಎಮರಿ ಕಾಗದದಿಂದ ಸಡಿಲವಾದದ್ದನ್ನೆಲ್ಲ ಉಜ್ಜಿ ತೆಗೆಯಬೇಕು. ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಿದರೆ ಉತ್ತಮ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲಿ. ಗುಳಿಗಳಲ್ಲಿ ಉಳಿದ ತುಕ್ಕಿಗೆ 'ರಸ್ಟ್ ಕನ್ವರ್ಟರ್' ಎಂಬ ದ್ರವ ಪೇಂಟಿನ ಅಂಗಡಿಗಳಲ್ಲಿ ಸಿಗುತ್ತದೆ. ಕೆಲವದರಲ್ಲಿ ಫಾಸ್ಫಾರಿಕ್ ಆಮ್ಲ, ಕೆಲವದರಲ್ಲಿ ಚೊಗರಿನ ಅಂಶವಾದ ಟ್ಯಾನಿಕ್ ಆಮ್ಲ ಇರುತ್ತದೆ. ಕೈಗವಸು ಹಾಕಿ ಬ್ರಷ್ಷಿನಲ್ಲಿ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟರೆ ಕೆಂಪು ತುಕ್ಕು ಕಪ್ಪಾಗಿ ಗಟ್ಟಿಯಾಗುತ್ತದೆ. ಬಾಳೆಕಾಯಿ ಹೆಚ್ಚಿದಾಗ ಮೆಟ್ಟುಕತ್ತಿ ಕಪ್ಪಾಗುತ್ತದಲ್ಲ, ಚೊಗರು ಕಬ್ಬಿಣಕ್ಕೆ ಸೇರಿದಾಗಿನ ಅದೇ ಕರಿ ಇದು. ಅಂಗಡಿಯವರು ಹೇಳಿದಾಗ ನನಗೆ ನಗು ಬಂತು. ಇಷ್ಟು ವರ್ಷ ಹುಣಸೆಹುಳಿ ಹಾಕಿ ತಿಕ್ಕಿದ ಕರಿ ಇದೇನಾ ಅಂತ!

ಫಾಸ್ಫಾರಿಕ್ ಆಮ್ಲದ ಗುಟ್ಟೂ ಹೊಸತಲ್ಲ. ದೆಹಲಿಯ ಕಬ್ಬಿಣದ ಸ್ತಂಭ ಸುಮಾರು 1600 ವರ್ಷಗಳಿಂದ ಬಯಲಲ್ಲಿ ನಿಂತಿದೆ. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿದ್ದು, ಮೈಮೇಲೆ ತೆಳ್ಳನೆಯ ಕಾಪಿನ ಪದರ ಕಟ್ಟಿದೆ ಎಂದು ಕಾನ್ಪುರದ ಐ.ಐ.ಟಿ.ಯ ಪ್ರೊಫೆಸರ್ ಆರ್. ಬಾಲಸುಬ್ರಮಣ್ಯಂ ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿ ತಿಳಿಸಿದರು. ನಮ್ಮ ಕೊಡಚಾದ್ರಿಯ ದೇವಸ್ಥಾನದ ಎದುರೂ ಕಬ್ಬಿಣದ ಕಂಬವೊಂದಿದೆ. ಆ ಮಳೆಯಲ್ಲಿ ಅದು ಹೇಗೆ ನಿಂತಿದೆಯೋ ಎಂದು ಚಿಕ್ಕಂದಿನಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ನಮ್ಮ ಕಾರಿನ ತಗಡಿಗೆ ಆ ಭಾಗ್ಯವಿಲ್ಲ, ಹೊರಗಿನಿಂದ ಹಚ್ಚಬೇಕು.

ಹುಣಸೆಹಣ್ಣು, ವಿನೆಗರ್ ಸಾಲದೇ ಎಂದು ನೀವು ಕೇಳಬಹುದು. ಬಿಚ್ಚಿದ ನಟ್ಟು ಬೋಲ್ಟುಗಳನ್ನು ರಾತ್ರಿಯಿಡೀ ವಿನೆಗರಿನಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಸೋಡಾಪುಡಿಯ ನೀರಲ್ಲಿ ತೊಳೆದು, ಒರೆಸಿ ಎಣ್ಣೆ ಸವರಿದರೆ ಚೊಕ್ಕವಾಗುತ್ತವೆ. ಕಾರಿನ ಮೈಗೆ ಮಾತ್ರ ಬೇಡ. ಸಂದುಗಳಲ್ಲಿ ಹುಳಿ ಉಳಿದು ಮತ್ತೆ ತುಕ್ಕೇ. ಉಪ್ಪು ಬೆರೆತ ಲಿಂಬೆಹುಳಿಯಂತೂ ಬೇಡವೇ ಬೇಡ. ನಮ್ಮೂರ ಕಡೆ ಹಳೆಯ ಇಂಜಿನ್ ಆಯಿಲ್ ಬಳಿಯುವ ರೂಢಿಯೂ ಉಂಟು. ಅದು ರಬ್ಬರಿನ ಬುಷ್‌ಗಳನ್ನು ಕೆಡಿಸುತ್ತದೆ, ಧೂಳು ಮೆತ್ತಿಸುತ್ತದೆ, ತೊಟ್ಟಿಕ್ಕಿ ಅಂಗಳದ ಬಾವಿನೀರಿಗೂ ಸೇರೀತು.

ಆಮೇಲೆ ಪ್ರೈಮರ್. ಕಿಟಕಿಯ ಸರಳಿಗೆ ಹಚ್ಚುವ ರೆಡ್ ಆಕ್ಸೈಡ್ ನಡೆಯುತ್ತದೆ, ಎಪಾಕ್ಸಿ ಪ್ರೈಮರ್ ಇನ್ನೂ ಮೇಲು. ಒಂದು ದಪ್ಪ ಕೋಟಿಗಿಂತ ತೆಳ್ಳಗೆ ಎರಡು ಕೋಟು ಒಳ್ಳೆಯದು, ಒಂದು ಒಣಗಿದ ಮೇಲೆ ಇನ್ನೊಂದು. ವೆಲ್ಡಿಂಗ್ ಮಾಡಿಸಿದ ಕಡೆ ಒಳಮಗ್ಗುಲಿಗೂ ಹಚ್ಚಿಸಿ, ಅದನ್ನು ಮರೆಯುವವರೇ ಹೆಚ್ಚು. ಕರಿ ಲೇಪದ ಸರದಿ ಇದೆಲ್ಲ ಆದ ಮೇಲೆ, ಕಟ್ಟಕಡೆಗೆ. ಸೈಲೆನ್ಸರ್, ಬ್ರೇಕಿನ ಭಾಗ, ತಿರುಗುವ ಭಾಗಗಳಿಗೆ ಅದು ತಾಗಬಾರದು. ಬಾಗಿಲ ಅಡಿಯಲ್ಲೂ ಪಟ್ಟಿಯಲ್ಲೂ ನೀರು ಇಳಿಯಲೆಂದೇ ಬಿಟ್ಟ ಸಣ್ಣ ತೂತುಗಳಿರುತ್ತವೆ. ಅವು ಮುಚ್ಚಿದರೆ ಒಳಗೆ ನೀರು ನಿಂತು ಹೊಸ ಕಥೆ ಶುರು. ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿ ಬಿಡಿಸಬಹುದು. ಈ ಕೆಲಸ ಈಗ ನನ್ನದು.

ಈ ಸಲ ನಾನು ಗ್ಯಾರೇಜಿನಲ್ಲಿ ಸ್ಟೂಲ್ ಹಾಕಿ ಕೂತೇ ಮಾಡಿಸಿದೆ. ಉಜ್ಜಿದ ಮೇಲೆ ಒಮ್ಮೆ, ಪ್ರೈಮರ್ ಆದ ಮೇಲೆ ಒಮ್ಮೆ ಬಗ್ಗಿ ನೋಡಿ, ಆಮೇಲೆಯೇ ಕರಿ ಲೇಪಕ್ಕೆ ಒಪ್ಪಿಗೆ ಕೊಟ್ಟದ್ದು. ಹುಡುಗರು ಮೊದಮೊದಲು ನಕ್ಕರು, ಆಮೇಲೆ ತಾವೇ "ಅಕ್ಕಾ, ಬಂದು ನೋಡಿ" ಎನ್ನತೊಡಗಿದರು. ಖರ್ಚಿಗೆ ನನ್ನ ಚೀಟಿ ಹಣದಲ್ಲಿ ಮುಕ್ಕಾಲು ಪಾಲು ಹೋಯಿತು; ಬಳೆಯ ಆಸೆ ಮುಂದಿನ ವರ್ಷಕ್ಕೆ. ಈಗ ಅತ್ತೆಯವರು ಕಾರು ಹತ್ತುವ ಮೊದಲು ತಾವೇ ಮ್ಯಾಟ್ ಎತ್ತಿ ಕೈಯಾಡಿಸಿ ನೋಡುತ್ತಾರೆ, ಯಾರ ಮಾತನ್ನೂ ನಂಬುವುದಿಲ್ಲ.

ಅಂದ ಹಾಗೆ, ಡಬ್ಬಿಯಲ್ಲಿ ಪ್ರೈಮರ್ ಉಳಿದರೆ ಎಸೆಯಬೇಡಿ. ಗ್ಯಾಸ್ ಸಿಲಿಂಡರ್ ಇಡುವ ಟ್ರಾಲಿಯನ್ನು ತಿರುಗಿಸಿ ನೋಡಿ, ಅದರ ಅಡಿಗೂ ಬೇಕಾಗಿರುತ್ತದೆ.