ಕ್ರೀಡಾ ವಾಗ್ವಾದ ಕಾರ್ಯಕ್ರಮ

ಕ್ರೀಡಾ ವಾಗ್ವಾದ ಕಾರ್ಯಕ್ರಮವು ಕ್ರೀಡಾ ಪ್ರಸಾರದ ಒಂದು ಪ್ರಕಾರ. ಇದು ಪಂದ್ಯದ ನೇರ ಪ್ರಸಾರವೂ ಅಲ್ಲ, ಸುದ್ದಿಯ ವರದಿಯೂ ಅಲ್ಲ. ಆಟಗಾರರು, ತಂಡಗಳು ಮತ್ತು ಫಲಿತಾಂಶಗಳ ಬಗ್ಗೆ ಇಬ್ಬರು ಅಥವಾ ಹೆಚ್ಚು ಮಂದಿ ಪರಸ್ಪರ ವಿರುದ್ಧವಾದ ಅಭಿಪ್ರಾಯಗಳನ್ನು ಏರುದನಿಯಲ್ಲಿ ಮಂಡಿಸುವುದು ಇದರ ಲಕ್ಷಣ. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರೂಪುಗೊಂಡ ಈ ಪ್ರಕಾರವು 2000ದ ನಂತರ ಅಲ್ಲಿನ ಕ್ರೀಡಾ ವಾಹಿನಿಗಳ ಹಗಲು ಹೊತ್ತಿನ ಕಾರ್ಯಕ್ರಮಗಳಲ್ಲಿ ಪ್ರಮುಖ ಸ್ಥಾನ ಪಡೆಯಿತು. ಗಮನ ಸೆಳೆಯುವ ಉದ್ದೇಶದಿಂದ ಆಧಾರಕ್ಕಿಂತ ಹೆಚ್ಚಿನ ಖಚಿತತೆಯಿಂದ ಹೇಳುವ ಅಭಿಪ್ರಾಯವನ್ನು ‘ಹಾಟ್ ಟೇಕ್’ ಎಂದು ಕರೆಯುತ್ತಾರೆ.

ಹಿನ್ನೆಲೆ

ಕ್ರೀಡಾ ಪ್ರಸಾರದಲ್ಲಿ ನಿಷ್ಠುರ ಅಭಿಪ್ರಾಯಕ್ಕೆ ಸ್ಥಾನ ಒದಗಿಸಿದವರಲ್ಲಿ ಹವಾರ್ಡ್ ಕೊಸೆಲ್ ಪ್ರಮುಖರು. ಕಾನೂನು ಪದವೀಧರರಾಗಿದ್ದ ಅವರು 1970ರಲ್ಲಿ ಎಬಿಸಿ ಜಾಲವು ಆರಂಭಿಸಿದ ‘ಮಂಡೇ ನೈಟ್ ಫುಟ್‌ಬಾಲ್’ ಪ್ರಸಾರದ ಮೊದಲ ವೀಕ್ಷಕ ವಿವರಣೆಗಾರರಲ್ಲಿ ಒಬ್ಬರು. ಅವರ ಮಾತನ್ನು ಮೆಚ್ಚಿದವರಷ್ಟೇ ದ್ವೇಷಿಸಿದವರೂ ಇದ್ದರು; ಇಬ್ಬರೂ ಪ್ರಸಾರವನ್ನು ನೋಡುತ್ತಿದ್ದರು. ಈ ಸಂಗತಿಯು ಪ್ರಸಾರಕರಿಗೆ ಒಂದು ಪಾಠವಾಯಿತು.

ಆದರೆ ಕೊಸೆಲ್ ಅವರ ನಿಷ್ಠುರತೆಗೆ ಆಧಾರವಿರುತ್ತಿತ್ತು. 1967ರಲ್ಲಿ ಮುಷ್ಟಿಯೋಧ ಮುಹಮ್ಮದ್ ಅಲಿ ಸೇನೆಗೆ ಸೇರಲು ನಿರಾಕರಿಸಿದಾಗ, ನ್ಯಾಯಾಲಯದ ತೀರ್ಪಿಗೂ ಮೊದಲೇ ಅವರ ಪದವಿಯನ್ನು ಕಿತ್ತುಕೊಳ್ಳಲಾಯಿತು. ಇದು ಅನ್ಯಾಯವೆಂದು ಕೊಸೆಲ್ ವಾದಿಸಿದರು. ಆ ನಿಲುವು ಅಂದು ಜನಪ್ರಿಯವಾಗಿರಲಿಲ್ಲ. 1971ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅಲಿಗೆ ವಿಧಿಸಿದ್ದ ಶಿಕ್ಷೆಯನ್ನು ರದ್ದುಪಡಿಸಿತು. ದೊಡ್ಡ ದನಿಯ ಅಭಿಪ್ರಾಯವೆಲ್ಲ ಪೊಳ್ಳಲ್ಲ ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಬೆಳವಣಿಗೆ

ಕ್ರೀಡೆಗೇ ಮೀಸಲಾದ ಇಎಸ್‌ಪಿಎನ್ ವಾಹಿನಿಯು 1979ರ ಸೆಪ್ಟೆಂಬರ್ 7ರಂದು ಕನೆಕ್ಟಿಕಟ್ ರಾಜ್ಯದ ಬ್ರಿಸ್ಟಲ್‌ನಿಂದ ಪ್ರಸಾರ ಆರಂಭಿಸಿತು. 1987ರ ಜುಲೈ 1ರಂದು ನ್ಯೂಯಾರ್ಕ್‌ನಲ್ಲಿ ದಿನದ 24 ಗಂಟೆಯೂ ಕ್ರೀಡೆಯ ಬಗ್ಗೆಯೇ ಮಾತನಾಡುವ ಡಬ್ಲ್ಯೂಎಫ್‌ಎಎನ್ ರೇಡಿಯೊ ಕೇಂದ್ರವು ಆರಂಭವಾಯಿತು. ಕೇಳುಗರು ದೂರವಾಣಿ ಕರೆ ಮಾಡಿ ನಿರೂಪಕರೊಡನೆ ವಾದಿಸುವ ಪದ್ಧತಿಯು ಇಂತಹ ಕೇಂದ್ರಗಳ ಮೂಲಕ ವ್ಯಾಪಕವಾಯಿತು.

2001ರ ಅಕ್ಟೋಬರ್‌ನಲ್ಲಿ ಇಎಸ್‌ಪಿಎನ್ ‘ಪಾರ್ಡನ್ ದಿ ಇಂಟರಪ್ಷನ್’ ಎಂಬ ಅರ್ಧ ಗಂಟೆಯ ಕಾರ್ಯಕ್ರಮವನ್ನು ಆರಂಭಿಸಿತು. ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ಅಂಕಣಕಾರರಾದ ಟೋನಿ ಕಾರ್ನ್‌ಹೈಸರ್ ಮತ್ತು ಮೈಕೆಲ್ ವಿಲ್ಬನ್ ಇದರ ನಿರೂಪಕರು. ಪ್ರತಿಯೊಂದು ವಿಷಯಕ್ಕೂ ಕೆಲವೇ ನಿಮಿಷಗಳ ಅವಧಿ, ಪರದೆಯ ಮೇಲೆ ಓಡುವ ಗಡಿಯಾರ ಮತ್ತು ಮುಂದೆ ಬರಲಿರುವ ವಿಷಯಗಳ ಪಟ್ಟಿ ಇದರ ವೈಶಿಷ್ಟ್ಯಗಳು. ಆರಂಭದ ವರ್ಷಗಳಲ್ಲಿ, ನಿರೂಪಕರು ಅಂದು ಮಾಡಿದ ತಪ್ಪುಗಳನ್ನು ಕಾರ್ಯಕ್ರಮದ ಕೊನೆಯಲ್ಲಿ ಎತ್ತಿ ಹೇಳುವ ಭಾಗವೂ ಇತ್ತು. ಇದನ್ನು ಅನುಸರಿಸಿ ಬಂದ ಅನೇಕ ಕಾರ್ಯಕ್ರಮಗಳು ಗಡಿಯಾರವನ್ನು ಉಳಿಸಿಕೊಂಡವು, ತಪ್ಪೊಪ್ಪಿಗೆಯನ್ನು ಕೈಬಿಟ್ಟವು.

2002ರಲ್ಲಿ ಆರಂಭವಾದ ‘ಅರೌಂಡ್ ದಿ ಹಾರ್ನ್’ ಕಾರ್ಯಕ್ರಮದಲ್ಲಿ ವಾದಕ್ಕೆ ಅಂಕ ನೀಡುವ ಮತ್ತು ವಾದಿಯ ಧ್ವನಿಯನ್ನು ಕೆಲಕಾಲ ನಿಲ್ಲಿಸುವ ಅಧಿಕಾರ ನಿರೂಪಕರಿಗಿತ್ತು. ಅದು 2025ರ ಮೇ ತಿಂಗಳವರೆಗೆ ನಡೆಯಿತು. 2007ರಲ್ಲಿ ‘ಫಸ್ಟ್ ಟೇಕ್’ ಬಂದಿತು. ಸ್ಕಿಪ್ ಬೇಲೆಸ್ ಮತ್ತು ಸ್ಟೀಫನ್ ಎ. ಸ್ಮಿತ್ ಅವರ ಮುಖಾಮುಖಿಯು ಇದನ್ನು ಪ್ರಸಿದ್ಧಗೊಳಿಸಿತು. ಬೇಲೆಸ್ 2016ರಲ್ಲಿ ಪ್ರತಿಸ್ಪರ್ಧಿ ವಾಹಿನಿಯಾದ ಫಾಕ್ಸ್ ಸ್ಪೋರ್ಟ್ಸ್ 1ಕ್ಕೆ ತೆರಳಿ, ನಿವೃತ್ತ ಆಟಗಾರ ಶಾನನ್ ಶಾರ್ಪ್ ಅವರೊಡನೆ ‘ಅನ್‌ಡಿಸ್ಪ್ಯೂಟೆಡ್’ ನಡೆಸಿದರು.

ಆರ್ಥಿಕ ಕಾರಣಗಳು

ಈ ಪ್ರಕಾರದ ಬೆಳವಣಿಗೆಗೆ ಮುಖ್ಯ ಕಾರಣ ವೆಚ್ಚ. ಪಂದ್ಯಗಳ ಪ್ರಸಾರ ಹಕ್ಕು ಅತ್ಯಂತ ದುಬಾರಿಯಾದುದು. 2011ರಲ್ಲಿ ಇಎಸ್‌ಪಿಎನ್ ‘ಮಂಡೇ ನೈಟ್ ಫುಟ್‌ಬಾಲ್’ ಪ್ರಸಾರಕ್ಕಾಗಿ ಮಾಡಿಕೊಂಡ ಒಪ್ಪಂದದ ಮೊತ್ತ ವರ್ಷಕ್ಕೆ ಸುಮಾರು 190 ಕೋಟಿ ಡಾಲರ್. ವರದಿಗಾರಿಕೆಗೂ ಪ್ರವಾಸ, ಸಮಯ ಮತ್ತು ಪರಿಶೀಲನೆ ಬೇಕು. ವಾಗ್ವಾದಕ್ಕೆ ಬೇಕಾದುದು ಒಂದು ಮೇಜು, ಎರಡು ಕುರ್ಚಿ ಮತ್ತು ಒಂದು ಪ್ರಶ್ನೆ. ಜನಪ್ರಿಯ ವಾದಿಗಳ ಸಂಭಾವನೆ ಏರಿದ ಮೇಲೂ ಅದು ಪ್ರಸಾರ ಹಕ್ಕಿನ ಮುಂದೆ ಅಲ್ಪವೇ.

ಎರಡನೆಯ ಕಾರಣ ಕಾಲಾವಕಾಶ. ಅಮೆರಿಕದ ಅತ್ಯಂತ ಜನಪ್ರಿಯ ಕ್ರೀಡೆಯಾದ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ತಂಡವು ಸಾಮಾನ್ಯವಾಗಿ ವಾರಕ್ಕೆ ಒಂದೇ ಪಂದ್ಯ ಆಡುತ್ತದೆ. 2021ರಿಂದ ಲೀಗ್ ಹಂತದಲ್ಲಿ ಪ್ರತಿ ತಂಡಕ್ಕೆ 17 ಪಂದ್ಯಗಳಿವೆ. ಅದಕ್ಕೂ ಹಿಂದೆ 16 ಇದ್ದವು. ಒಂದು ದಿನದ ಆಟದ ಬಗ್ಗೆ ಉಳಿದ ದಿನಗಳೆಲ್ಲ ಮಾತನಾಡಬೇಕಾಗುತ್ತದೆ. ಹೇಳಬೇಕಾದ ಹೊಸ ಸಂಗತಿ ಮುಗಿದ ಮೇಲೆ ಉಳಿಯುವುದು ಅಭಿಪ್ರಾಯವೊಂದೇ.

ಪ್ರಶ್ನೆಗಳ ಸ್ವರೂಪ

ಇತ್ಯರ್ಥವಾಗದ ಪ್ರಶ್ನೆಯೇ ಇಂತಹ ಕಾರ್ಯಕ್ರಮಗಳಿಗೆ ಹೆಚ್ಚು ಉಪಯುಕ್ತ. ಬಾಸ್ಕೆಟ್‌ಬಾಲ್ ಆಟಗಾರರಾದ ಮೈಕೆಲ್ ಜೋರ್ಡನ್ ಮತ್ತು ಲೆಬ್ರಾನ್ ಜೇಮ್ಸ್ ಇವರಲ್ಲಿ ಯಾರು ಶ್ರೇಷ್ಠರು ಎಂಬುದು ಅಂತಹ ಒಂದು ಪ್ರಶ್ನೆ. ಅವರಿಬ್ಬರೂ ಬೇರೆ ಬೇರೆ ಕಾಲದಲ್ಲಿ ಉತ್ತುಂಗದಲ್ಲಿದ್ದವರು. ಆಟಗಾರನೊಬ್ಬನಿಗೆ ಕಠಿಣ ಕ್ಷಣದಲ್ಲಿ ಎದೆಗಾರಿಕೆ ಇದೆಯೇ ಎಂಬ ಪ್ರಶ್ನೆಯನ್ನೂ ಅಳತೆಗೋಲಿನಿಂದ ಬಗೆಹರಿಸಲಾಗದು. ಇಲ್ಲಿ ಚರ್ಚೆಯು ಆಟದ ತಂತ್ರದಿಂದ ಆಟಗಾರನ ಸ್ವಭಾವದ ಕಡೆಗೆ ಸುಲಭವಾಗಿ ಜಾರುತ್ತದೆ.

2011ರಲ್ಲಿ ಡೆನ್ವರ್ ಬ್ರಾಂಕೋಸ್ ತಂಡದ ಟಿಮ್ ಟೀಬೋ ಇಂತಹ ಚರ್ಚೆಯ ಕೇಂದ್ರವಾದರು. ಚೆಂಡನ್ನು ಎಸೆದು ದಾಳಿಯನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ ಆಡುತ್ತಿದ್ದ ಅವರ ಎಸೆತಗಳಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಗುರಿ ಮುಟ್ಟಿದವು. ಆದರೂ ಲೀಗ್ ಹಂತದಲ್ಲಿ ಅವರು ಆರಂಭದಿಂದ ಆಡಿದ 11 ಪಂದ್ಯಗಳ ಪೈಕಿ 7ರಲ್ಲಿ ತಂಡ ಗೆದ್ದಿತು. ಎರಡೂ ಪಕ್ಷಗಳಿಗೆ ಪುರಾವೆ ದೊರೆತುದರಿಂದ ವಾದವು ತಿಂಗಳುಗಟ್ಟಲೆ ಮುಂದುವರಿಯಿತು. ಗೆಲುವಿನಲ್ಲಿ ತಂಡದ ರಕ್ಷಣಾ ಆಟಗಾರರ ಪಾಲೆಷ್ಟು ಎಂಬ ಉಪಯುಕ್ತ ಪ್ರಶ್ನೆಯು ಈ ಗದ್ದಲದಲ್ಲಿ ಹಿಂದೆ ಸರಿಯಿತು.

ವಿವಾದಗಳು

2012ರ ಡಿಸೆಂಬರ್‌ನಲ್ಲಿ ‘ಫಸ್ಟ್ ಟೇಕ್’ನಲ್ಲಿ ರಾಬ್ ಪಾರ್ಕರ್ ಅವರು ಕ್ವಾರ್ಟರ್‌ಬ್ಯಾಕ್ ರಾಬರ್ಟ್ ಗ್ರಿಫಿನ್ ಅವರ ಕಪ್ಪು ಜನಾಂಗೀಯ ಅಸ್ಮಿತೆಯನ್ನೇ ಪ್ರಶ್ನಿಸುವ ಮಾತುಗಳನ್ನಾಡಿದರು. ವಾಹಿನಿಯು ಅವರನ್ನು 30 ದಿನಗಳ ಕಾಲ ಅಮಾನತುಗೊಳಿಸಿತು. ನಂತರ ಅವರ ಒಪ್ಪಂದವನ್ನು ನವೀಕರಿಸಲಿಲ್ಲ. 2014ರ ಜುಲೈನಲ್ಲಿ ಫುಟ್‌ಬಾಲ್ ಆಟಗಾರನೊಬ್ಬನ ಕೌಟುಂಬಿಕ ಹಿಂಸೆಯ ಪ್ರಕರಣವನ್ನು ಚರ್ಚಿಸುವಾಗ, ಮಹಿಳೆಯರು ಪ್ರಚೋದನೆ ನೀಡಬಾರದೆಂಬ ಅರ್ಥದ ಮಾತನ್ನಾಡಿದ ಸ್ಟೀಫನ್ ಎ. ಸ್ಮಿತ್ ಕ್ಷಮೆ ಕೇಳಿದರು. ಅವರನ್ನೂ ಸುಮಾರು ಒಂದು ವಾರ ಅಮಾನತಿನಲ್ಲಿಡಲಾಯಿತು. ಗೆಲುವು ಸೋಲುಗಳಿಗಾಗಿ ರೂಪಿಸಿದ ವಾದದ ಚೌಕಟ್ಟಿನಲ್ಲಿ ಜನಾಂಗ ಮತ್ತು ಹಿಂಸೆಯಂತಹ ವಿಷಯಗಳನ್ನು ಇಡುವ ಅಪಾಯವನ್ನು ಈ ಎರಡು ಪ್ರಕರಣಗಳು ತೋರಿಸಿದವು.

2023ರ ಜನವರಿ 2ರ ಘಟನೆಯು ಇನ್ನೂ ಗಂಭೀರವಾದುದು. ಅಂದು ಸಿನ್ಸಿನಾಟಿಯಲ್ಲಿ ನಡೆಯುತ್ತಿದ್ದ ಪಂದ್ಯದಲ್ಲಿ ಬಫಲೊ ಬಿಲ್ಸ್ ತಂಡದ 24 ವರ್ಷದ ಡೇಮರ್ ಹ್ಯಾಮ್ಲಿನ್ ಹೃದಯ ಸ್ತಂಭನದಿಂದ ಕುಸಿದುಬಿದ್ದರು. ಮೈದಾನದಲ್ಲಿಯೇ ವೈದ್ಯಕೀಯ ಸಿಬ್ಬಂದಿ ಅವರ ಪ್ರಾಣ ಉಳಿಸಲು ಶ್ರಮಿಸಿದರು. ಅದೇ ರಾತ್ರಿ ಸ್ಕಿಪ್ ಬೇಲೆಸ್, ಇಷ್ಟು ಮಹತ್ವದ ಪಂದ್ಯವನ್ನು ಋತುವಿನ ಈ ಹಂತದಲ್ಲಿ ಮುಂದೂಡುವುದಾದರೂ ಹೇಗೆ ಎಂದು ಟ್ವಿಟರ್‌ನಲ್ಲಿ ಬರೆದರು. ಅದೆಲ್ಲ ಈಗ ಅಪ್ರಸ್ತುತವೆನಿಸುತ್ತದೆ ಎಂಬ ಮಾತು ಅದೇ ಸಂದೇಶದ ಕೊನೆಯಲ್ಲಿತ್ತು. ಆದರೂ ಅದು ವ್ಯಾಪಕ ಖಂಡನೆಗೆ ಗುರಿಯಾಯಿತು. ಮರುದಿನದ ಕಾರ್ಯಕ್ರಮಕ್ಕೆ ಶಾನನ್ ಶಾರ್ಪ್ ಬರಲಿಲ್ಲ.

ಅದೇ ರಾತ್ರಿ ಇಎಸ್‌ಪಿಎನ್‌ನಲ್ಲಿ ನಿವೃತ್ತ ಆಟಗಾರ ರಯಾನ್ ಕ್ಲಾರ್ಕ್ ಬೇರೆ ರೀತಿಯಲ್ಲಿ ಮಾತನಾಡಿದರು. 2007ರಲ್ಲಿ ಡೆನ್ವರ್‌ನಲ್ಲಿ ಆಡಿದ ನಂತರ ಅವರೇ ಪ್ರಾಣಾಪಾಯಕ್ಕೆ ಸಿಲುಕಿದ್ದರು. ಆಟಗಾರರು ತಮ್ಮ ದೇಹವನ್ನು ಒತ್ತೆಯಿಟ್ಟು ಆಡುತ್ತಾರೆಂಬುದನ್ನು ಅವರು ತಗ್ಗಿದ ದನಿಯಲ್ಲಿ ವಿವರಿಸಿದರು. ಅವರ ಮಾತು ವ್ಯಾಪಕ ಮೆಚ್ಚುಗೆ ಗಳಿಸಿತು. ಹ್ಯಾಮ್ಲಿನ್ ಚೇತರಿಸಿಕೊಂಡು 2023ರ ಋತುವಿನಲ್ಲಿ ಮೈದಾನಕ್ಕೆ ಮರಳಿದರು.

ಸಮರ್ಥನೆ ಮತ್ತು ಟೀಕೆ

ಸೋಲು ಗೆಲುವುಗಳ ಬಗ್ಗೆ ಜಗಳವಾಡುವುದು ಕ್ರೀಡಾಭಿಮಾನದ ಸಹಜ ಭಾಗವೆಂದೂ, ಈ ಕಾರ್ಯಕ್ರಮಗಳು ಜಗಲಿಯ ಹರಟೆಯನ್ನು ಪರದೆಗೆ ತಂದಿವೆಯಷ್ಟೇ ಎಂದೂ ಸಮರ್ಥಕರು ಹೇಳುತ್ತಾರೆ. ಕ್ರೀಡಾ ಸಂಸ್ಥೆಗಳ ಹೊಗಳಿಕೆಗೆ ಸೀಮಿತವಾದ ಪ್ರಸಾರಕ್ಕಿಂತ ಪ್ರಶ್ನಿಸುವ ಪ್ರಸಾರ ಲೇಸೆಂಬುದೂ ಅವರ ವಾದ.

ಟೀಕಾಕಾರರ ಆಕ್ಷೇಪವು ಅಭಿಪ್ರಾಯದ ಬಗ್ಗೆ ಅಲ್ಲ, ಅದರ ಹೊಣೆಯ ಬಗ್ಗೆ. ನಿನ್ನೆಯ ಭವಿಷ್ಯವಾಣಿ ಸುಳ್ಳಾದರೂ ಇಂದು ಹೊಸದನ್ನು ಅಷ್ಟೇ ಖಚಿತವಾಗಿ ನುಡಿಯಬಹುದು. ಸಂದೇಹವನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡವನು ಚರ್ಚೆಯಲ್ಲಿ ಸೋತವನಂತೆ ಕಾಣುತ್ತಾನೆ. ಇದರಿಂದ ಪಂದ್ಯವನ್ನು ಅರ್ಥಮಾಡಿಕೊಳ್ಳಲು ಬಂದ ವೀಕ್ಷಕನಿಗೆ, ಅದರಲ್ಲಿಯೂ ಎಳೆಯರಿಗೆ, ದನಿಯ ಎತ್ತರವೇ ಜ್ಞಾನದ ಅಳತೆಯೆಂಬ ಭಾವನೆ ಮೂಡಬಹುದು. ಕೊಸೆಲ್ ಅಲಿಯ ಪರವಾಗಿ ಮಂಡಿಸಿದ ವಾದ ಮತ್ತು ಇಂದಿನ ‘ಹಾಟ್ ಟೇಕ್’ ಇವೆರಡೂ ಗಟ್ಟಿ ದನಿಯವೇ. ಮೊದಲನೆಯದಕ್ಕೆ ಕಾನೂನಿನ ಆಧಾರವಿತ್ತು ಮತ್ತು ಅದನ್ನು ಆಡಿದವರು ಜನರ ಅಪ್ರೀತಿಯನ್ನು ಹೊರಬೇಕಾಯಿತು. ಎರಡನೆಯದರಲ್ಲಿ ಜನರ ಕೋಪವೂ ವೀಕ್ಷಕರ ಸಂಖ್ಯೆಯನ್ನು ಹೆಚ್ಚಿಸುವ ಸಾಧನವಾಗುತ್ತದೆ.