ಕಂಠ ಮಾಗಿತೋ, ಬಾತಿತೋ?

ಕೆನಡಾದ ಗಾಯಕಿ ಜೋನಿ ಮಿಚೆಲ್ ತಾವೇ ಬರೆದ ‘ಬೋತ್ ಸೈಡ್ಸ್ ನೌ’ ಹಾಡನ್ನು 1969ರ ಆಲ್ಬಂನಲ್ಲಿ ಹಾಡಿದಾಗ ಅವರದು ತಾರಸ್ಥಾಯಿಗೆ ಸಲೀಸಾಗಿ ಏರುವ ತಿಳಿಯಾದ ಕಂಠ. ಅದೇ ಹಾಡನ್ನು ಅವರು 2000ದ ಆಲ್ಬಂನಲ್ಲಿ ಮತ್ತೆ ಹಾಡಿದರು. ಎರಡನ್ನೂ ಕೇಳಿದವರಿಗೆ ಬೇರೆ ಯಾರೋ ಹಾಡಿದಂತೆ ಅನ್ನಿಸಬಹುದು. ದನಿ ಬಹಳ ಕೆಳಗಿಳಿದಿದೆ, ಒರಟಾಗಿದೆ. ಕಂಠ ಮಾಗಿದೆ ಎಂದು ರಸಿಕರು ತಲೆದೂಗಿದರು. ಆದರೆ ಮಿಚೆಲ್ ಎಳೆವಯಸ್ಸಿನಿಂದಲೇ ಸಿಗರೇಟು ಸೇದಿದವರು. ಆ ಬದಲಾವಣೆಯಲ್ಲಿ ವಯಸ್ಸಿನ ಜೊತೆಗೆ ಹೊಗೆಯ ಪಾಲೂ ಇದ್ದೀತು.

ನಮ್ಮ ಧ್ವನಿಪೆಟ್ಟಿಗೆಯಲ್ಲಿರುವ ಎರಡು ಧ್ವನಿತಂತುಗಳು ಹೆಸರಿಗಷ್ಟೇ ತಂತುಗಳು. ನಿಜಕ್ಕೂ ಅವು ಸ್ನಾಯುವಿನ ಮೇಲೆ ತೇವದ ಪೊರೆ ಹೊದ್ದ ಮಡಿಕೆಗಳು. ಮಾತನಾಡುವಾಗ ಹೆಂಗಸರಲ್ಲಿ ಸೆಕೆಂಡಿಗೆ ಸುಮಾರು 200 ಸಲ, ಗಂಡಸರಲ್ಲಿ ಸುಮಾರು 120 ಸಲ ಕಂಪಿಸುತ್ತವೆ. ಮಡಿಕೆ ದಪ್ಪವಾದರೆ ಕಂಪನ ನಿಧಾನ, ದನಿ ತಗ್ಗು.

ಮುಟ್ಟು ನಿಂತ ಮೇಲೆ ಹಾರ್ಮೋನುಗಳ ಏರುಪೇರಿನಿಂದ ಹೆಂಗಸರ ದನಿ ತುಸು ತಗ್ಗುವುದುಂಟು. ಇಳಿವಯಸ್ಸಿನ ಗಂಡಸರಲ್ಲಿ ಇದು ತಿರುಗುಮುರುಗು. ಸ್ನಾಯು ಸೊರಗಿ ದನಿ ತೆಳುವಾಗುತ್ತದೆ; ಅಜ್ಜಂದಿರ ಕೀರಲು ದನಿಗೆ ಇದೇ ಕಾರಣ. ಅನುಭವಿ ಗಾಯಕರು ಇದಕ್ಕೆ ತಕ್ಕಂತೆ ಶ್ರುತಿ ಇಳಿಸಿಕೊಳ್ಳುತ್ತಾರೆ, ಉಸಿರನ್ನು ಜಿಪುಣರಂತೆ ಖರ್ಚು ಮಾಡುತ್ತಾರೆ. ನಾವು ಮೆಚ್ಚುವ ‘ಮಾಗಿದ ಕಂಠ’ದಲ್ಲಿ ಬಹುಪಾಲು ಈ ಜಾಣತನವೇ.

ಧೂಮಪಾನದ ಕಥೆ ಬೇರೆ. ಹೊಗೆಯಿಂದ ಪೊರೆಯ ಕೆಳಗೆ ನೀರು ತುಂಬಿ ಮಡಿಕೆ ಬಾತುಕೊಳ್ಳುತ್ತದೆ. ಆಗ ಬರುವ ಗಡಸು ದನಿ ಮಾಗಿದ್ದಲ್ಲ, ಕಾಯಿಲೆಯದು. ಕಿರುಚಿ ಹಾಡುವವರಿಗೆ ಮಡಿಕೆಯ ಮೇಲೆ ಗಂಟುಗಳೇಳಬಹುದು, ರಕ್ತಸ್ರಾವವೂ ಆಗಬಹುದು. ಇಂಗ್ಲೆಂಡಿನ ಗಾಯಕಿ ಅಡೆಲ್ 2011ರಲ್ಲಿ, ಕೇವಲ 23ನೇ ವಯಸ್ಸಿಗೆ, ಕಾರ್ಯಕ್ರಮಗಳನ್ನು ರದ್ದುಮಾಡಿ ಬಾಸ್ಟನ್‌ನಲ್ಲಿ ಧ್ವನಿತಂತುವಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು.

ಗಾಯಕರಷ್ಟೇ ಅಲ್ಲ, ಉಪಾಧ್ಯಾಯರು, ಬಸ್ ಕಂಡಕ್ಟರುಗಳು, ತರಕಾರಿ ಕೂಗಿ ಮಾರುವವರೂ ದನಿಯನ್ನೇ ನಂಬಿ ಬದುಕುವವರು. ಗಂಟಲು ಕಟ್ಟಿದಾಗ ಮಾತು ಕಡಿಮೆ ಮಾಡಿ, ನೀರು ಹೆಚ್ಚು ಕುಡಿಯಿರಿ. ಪಿಸುಮಾತು ವಿಶ್ರಾಂತಿಯಲ್ಲ, ಅದರಿಂದಲೂ ಆಯಾಸವಾದೀತು. ಉಪ್ಪುನೀರು ಮುಕ್ಕಳಿಸಿದರೆ ಗಂಟಲಿಗೆ ಹಿತ, ಆದರೆ ಆ ನೀರು ಧ್ವನಿತಂತುವನ್ನು ಮುಟ್ಟುವುದೇ ಇಲ್ಲ!

ದನಿ ಮೂರು ವಾರವಾದರೂ ಸರಿಹೋಗದಿದ್ದರೆ, ಅದರಲ್ಲೂ ಬೀಡಿ, ಸಿಗರೇಟು ಸೇದುವವರು, ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಲೇಬೇಕು. ಧ್ವನಿಪೆಟ್ಟಿಗೆಯ ಕ್ಯಾನ್ಸರಿನ ಮೊದಲ ಲಕ್ಷಣ ಅನೇಕ ವೇಳೆ ಈ ಒಡಕು ದನಿಯೇ. ಆ ಹಂತದಲ್ಲೇ ಪತ್ತೆಯಾದರೆ ಗುಣವಾಗುವ ಸಂಭವ ಹೆಚ್ಚು. ಸಣ್ಣ ನಳಿಕೆ ಹಾಕಿ ನೋಡುವ ಪರೀಕ್ಷೆಗೆ ಕೆಲವೇ ನಿಮಿಷ ಸಾಕು.