ಪಂಪಿನ ಎಂಜಿನಿನ ಕಿಡಿ

ನಮ್ಮ ವಿದ್ಯಾರ್ಥಿನಿಲಯದ ಬಾವಿಯ ಪೆಟ್ರೋಲ್ ಪಂಪು ನಿಂತರೆ ಹುಡುಗಿಯರ ಸ್ನಾನಕ್ಕೂ ಅಡಿಗೆಗೂ ನೀರಿಲ್ಲ. ಆದಕಾರಣ ಕಿಡಿಯ ದೋಷವನ್ನು ಹುಡುಕುವ ಕ್ರಮವನ್ನು ಮೇಲ್ತರಗತಿಯವರಿಗೆ ನಾವು ಕಲಿಸುತ್ತೇವೆ. ಇದು ಗಂಡಸರ ಕೆಲಸವೆನ್ನುವ ತಂದೆತಾಯಿಗಳು ಕೆಲವರುಂಟು; ಕಿಡಿಗೆ ಆ ಭೇದವು ತಿಳಿಯದು.

ಇಂತಹ ಎಂಜಿನಿಗೆ ಬ್ಯಾಟರಿಯು ಬೇಕಿಲ್ಲ. ತಿರುಗುವ ಗಾಲಿಯಲ್ಲಿರುವ ಅಯಸ್ಕಾಂತವು ಕಾಯಿಲಿನ ಬಳಿ ಸಾಗುವಾಗ ವಿದ್ಯುತ್ತು ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತದೆ.

ಹಗ್ಗವನ್ನು ಎಷ್ಟೆಳೆದರೂ ಎಂಜಿನು ಹೊರಡದಿದ್ದರೆ ಮೊದಲು ಸ್ವಿಚ್ಚನ್ನೂ ಎಣ್ಣೆಯ ಮಟ್ಟವನ್ನೂ ನೋಡತಕ್ಕದ್ದು. ಎಣ್ಣೆ ತಗ್ಗಿದೊಡನೆ ಕಿಡಿಯು ನಿಲ್ಲುವ ಏರ್ಪಾಡು ಈಗಿನ ಅನೇಕ ಎಂಜಿನುಗಳಲ್ಲಿ ಉಂಟು. ಬಳಿಕ ಪ್ಲಗ್ಗನ್ನು ಬಿಚ್ಚಿ, ಮಸಿಯನ್ನು ತೆಗೆದು, ತುದಿಗಳ ಅಂತರವನ್ನು ಅಳೆಯಬೇಕು, ನಮ್ಮದಕ್ಕೆ 0.7ರಿಂದ 0.8 ಮಿಲಿಮೀಟರು. ಚೆಲ್ಲಿದ ಪೆಟ್ರೋಲನ್ನು ಒರಸಿ, ಆವಿಯು ಹೋದ ಮೇಲೆ, ಪ್ಲಗ್ಗನ್ನು ಅದರ ಟೋಪಿಗೆ ಸಿಕ್ಕಿಸಿ, ರಬ್ಬರು ಹಿಡಿಯ ಇಕ್ಕಳದಿಂದ ಹಿಡಿದು, ಪ್ಲಗ್ಗಿನ ರಂಧ್ರಕ್ಕೆ ದೂರವಾಗಿ ಎಂಜಿನಿನ ಮೈಗೆ ಒತ್ತಿ, ಮತ್ತೊಬ್ಬಳಿಂದ ಹಗ್ಗವನ್ನು ಎಳೆಯಿಸುವುದು. ನೀಲಿ ಕಿಡಿಯು ಬಲವಾಗಿ ಹಾರಿದರೆ ಪೆಟ್ರೋಲಿನ ಕಡೆ ನೋಡಬೇಕು. ಹಾರದಿದ್ದರೆ ಹೊಸ ಪ್ಲಗ್ಗಿನಿಂದ ಪರೀಕ್ಷೆ.

ಆಗಲೂ ಇಲ್ಲವೇ? ಕಾಯಿಲಿನಿಂದ ಸ್ವಿಚ್ಚಿಗೆ ಹೋಗುವ ತಂತಿಯನ್ನು ಬಿಡಿಸಿ ನೋಡಿರಿ. ಆ ತಂತಿಯು ಎಂಜಿನಿನ ಮೈಗೆ ತಗಲಿದರೆ ಕಿಡಿಯು ಅಡಗುವುದು. ಎಂಜಿನನ್ನು ನಿಲ್ಲಿಸುವ ಉಪಾಯವೇ ಅದು. ಹೊದಿಕೆಯನ್ನು ಇಲಿ ಕಡಿದರೂ (ನಮ್ಮ ಪಂಪುಮನೆಯಲ್ಲಿ ಇಲಿಗಳಿಗೆ ಕೊರತೆಯಿಲ್ಲ) ಫಲವು ಒಂದೇ. ಬಿಡಿಸಿದಾಗ ಕಿಡಿ ಬಂದರೆ ದೋಷವು ತಂತಿಯಲ್ಲೋ ಸ್ವಿಚ್ಚಿನಲ್ಲೋ ಎಣ್ಣೆಯ ಕಾವಲಿನಲ್ಲೋ ಇದೆ. ಬಾರದಿದ್ದರೆ ಕಾಯಿಲನ್ನು ಮೇಸ್ತ್ರಿಗೆ ತೋರಿಸತಕ್ಕದ್ದು. ತಂತಿಯನ್ನು ಮರಳಿ ಸೇರಿಸುವ ತನಕ ಎಂಜಿನನ್ನು ಹೊರಡಿಸಕೂಡದು. ಆಗ ಸ್ವಿಚ್ಚಿನಿಂದ ಅದನ್ನು ನಿಲ್ಲಿಸಲಾಗದು.